ಅಪಾಯದ ಪಟ್ಟಿಗೆ ಯಾರ ಸಹಿ?

(ಚಿತ್ರದುರ್ಗದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು.)

ನಮಸ್ಕಾರ. ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆ ಅಂತ ಒಂದು ದಾಖಲೆ ಇದೆ, ಓದಿದವರು ಕೈ ಎತ್ತಿ ಅಂದೆ. ಹಿಂದಿನ ಸಾಲಿನಲ್ಲಿ ಒಂದೆರಡು ಕೈ ಎದ್ದವು, ಅವರೂ ಕಂದಾಯ ಇಲಾಖೆಯವರೇ. ಉಳಿದವರು ಸಂಕೋಚ ಪಡಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಂ ಪ್ರಕಾರ ದೇಶದ ಪ್ರತಿ ಜಿಲ್ಲೆಗೂ ಇಂಥದೊಂದು ಯೋಜನೆ ಇರಬೇಕು. ಜಿಲ್ಲೆಯ ಯಾವ ಭಾಗ ಯಾವ ವಿಪತ್ತಿಗೆ ತುತ್ತಾಗಬಹುದು ಅನ್ನುವುದು ಅದರಲ್ಲಿರಬೇಕು. ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಇದನ್ನು ನೋಡಿಕೊಳ್ಳುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂದರೆ ಅಪಾಯವನ್ನು ಅಳೆಯಬೇಕಾದ ಮೇಜಿನಲ್ಲಿ ಜನರ ಕಡೆಯಿಂದ ಕೂರಬೇಕಾದ ಕುರ್ಚಿ ಖಾಲಿಯೇ ಇತ್ತು. ಇದರ ಬಗ್ಗೆ ಯಾರೂ ಗಲಾಟೆ ಮಾಡಿದ್ದು ನಾನು ಕೇಳಿಲ್ಲ.

ಇಂಥ ಯೋಜನೆಗಳನ್ನು ಬೇರೆ ಬೇರೆ ಜಿಲ್ಲೆಗಳವು ತಿರುವಿ ಹಾಕಿದ್ದೇನೆ. ಎಲ್ಲದರಲ್ಲೂ ಒಂದು ಕೋಷ್ಟಕ ಸಿಗುತ್ತದೆ: ಎಡಗಡೆ ವಿಪತ್ತಿನ ಹೆಸರು, ಮಧ್ಯದಲ್ಲಿ ಅದು ಬರುವ ತಿಂಗಳು, ಪಕ್ಕದಲ್ಲಿ ಹೆಚ್ಚು, ಮಧ್ಯಮ, ಕಡಿಮೆ. ಕೊನೆಯ ಅಂಕಣದಲ್ಲಿ ಹೊಣೆ ಯಾರದು ಅಂತ ಇರುತ್ತದೆ. ಅಲ್ಲಿ ಬಹುಪಾಲು ಬರೆದಿರುವುದು ‘ಸಂಬಂಧಪಟ್ಟ ಇಲಾಖೆಗಳು’ ಅಂತ. ಲಗ್ನಪತ್ರಿಕೆಯ ಕೊನೆಯಲ್ಲಿ ‘ಬಂಧು ಮಿತ್ರರು’ ಅಂತ ಹಾಕುತ್ತೇವಲ್ಲ, ಹಾಗೆ. ಎಲ್ಲರ ಹೆಸರೂ ಬಂತು, ಯಾರ ಹೆಸರೂ ಬರಲಿಲ್ಲ.

ಸರ್ಕಾರಗಳು ಅಪಾಯದ ಲೆಕ್ಕವನ್ನು ತಮ್ಮ ನೀತಿಯೊಳಗೆ ಹೇಗೆ ತಂದುಕೊಳ್ಳುತ್ತವೆ ಅನ್ನುವುದು ಇವತ್ತಿನ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಕೋಷ್ಟಕ ಅಚ್ಚಾದ ದಿನ ಏನೂ ಆಗುವುದಿಲ್ಲ. ಅಂಕಿ ಬದಲಾದರೆ ದುಡ್ಡು ಕದಲಬೇಕು, ಅಥವಾ ಒಬ್ಬ ಅಧಿಕಾರಿ ಗೊತ್ತಾದ ತಾರೀಖಿನೊಳಗೆ ಇಂಥದ್ದು ಮಾಡಲೇಬೇಕು. ಆ ಗಂಟು ಬಿದ್ದ ದಿನ ಸರ್ಕಾರ ಲೆಕ್ಕವನ್ನು ಒಪ್ಪಿಕೊಂಡಿತು ಅಂತ ತಿಳಿಯಬಹುದು. ಅಲ್ಲಿವರೆಗೆ ಅದು ಕಪಾಟಿನ ಸರಕು.

ಇದನ್ನು ತೀರ ಗಂಭೀರವಾಗಿ ತೆಗೆದುಕೊಂಡ ಒಂದು ದೇಶದಿಂದ ಶುರು ಮಾಡೋಣ. ನೆದರ್‌ಲ್ಯಾಂಡ್ಸ್‌ನ ದೊಡ್ಡ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಜನ ಬದುಕಿರುವುದೇ ಏರಿಗಳ ಹಿಂದೆ. ಶತಮಾನಗಳ ಕಾಲ ಅಲ್ಲಿನ ರೂಢಿ ಸರಳವಾಗಿತ್ತು: ಹಿಂದೆ ಬಂದ ಅತಿ ದೊಡ್ಡ ನೆರೆಗಿಂತ ಒಂದಿಷ್ಟು ಎತ್ತರಕ್ಕೆ ಏರಿ ಕಟ್ಟು. ಯೋಹಾನ್ ವಾನ್ ವೇನ್ ಎಂಬ ಎಂಜಿನಿಯರ್ ಈ ಏರಿಗಳು ಸಾಲವು ಅಂತ ಎರಡನೇ ಮಹಾಯುದ್ಧದ ಮೊದಲಿನಿಂದಲೂ ಹೇಳುತ್ತಿದ್ದ. ಮೊದಲು ಯುದ್ಧ ಅಡ್ಡ ಬಂತು, ಆಮೇಲೆ ಯುದ್ಧದಲ್ಲಿ ಹಾಳಾದದ್ದನ್ನು ಕಟ್ಟುವ ಖರ್ಚು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಬಿರುಗಾಳಿಗೆ ಉಕ್ಕಿ ಬಂದು ಏರಿಗಳನ್ನು ಒಡೆಯಿತು. ಆ ದೇಶದಲ್ಲಿ ಸತ್ತವರು 1,836 ಜನ.

ಕೆಲವೇ ವಾರಗಳಲ್ಲಿ ಡೆಲ್ಟಾ ಸಮಿತಿ ನೇಮಕವಾಯಿತು. ಸಮಿತಿ ಡೇವಿಡ್ ವಾನ್ ಡಾಂಟ್‌ಜಿಗ್ ಎಂಬ ಗಣಿತಜ್ಞನನ್ನು ಕರೆಸಿತು. ಅವನು ಪ್ರಶ್ನೆಯನ್ನೇ ಬದಲಾಯಿಸಿದ. ಹಿಂದೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವುದನ್ನು ಬದಿಗಿಟ್ಟು, ಏರಿಯನ್ನು ಇನ್ನೊಂದು ಅಡಿ ಎತ್ತರಿಸಲು ಎಷ್ಟು ಖರ್ಚು, ಎತ್ತರಿಸದಿದ್ದರೆ ಆಗಬಹುದಾದ ನಷ್ಟವನ್ನು ಅದರ ಸಂಭವದಿಂದ ಗುಣಿಸಿದರೆ ಎಷ್ಟು, ಇವೆರಡೂ ಎಲ್ಲಿ ಸಮನಾಗುತ್ತವೆ ಅಂತ ಕೇಳಿದ. ಕೊನೆಗೆ ದೇಶದ ಹೃದಯಭಾಗದ ಕರಾವಳಿಗೆ ಗೊತ್ತಾದ ಮಾನದಂಡ ಇದು: ಯಾವುದೇ ಒಂದು ವರ್ಷದಲ್ಲಿ ಹತ್ತು ಸಾವಿರದಲ್ಲಿ ಒಂದರಷ್ಟು ಸಾಧ್ಯತೆ ಇರುವ ನೀರಿನ ಮಟ್ಟವನ್ನೂ ಏರಿ ತಡೆಯಬೇಕು. 1996ರಲ್ಲಿ ಇಂಥ ಅಂಕಿಗಳು ಕಾನೂನಿನೊಳಗೇ ಕೂತವು. ನಿಗದಿತ ಅವಧಿಗೊಮ್ಮೆ ಏರಿ ಪರೀಕ್ಷೆ ಆಗಬೇಕು, ನಪಾಸಾದರೆ ಗಟ್ಟಿ ಮಾಡಬೇಕು, ಅದಕ್ಕೆ ಡೆಲ್ಟಾ ನಿಧಿ ಅಂತ ಪ್ರತ್ಯೇಕ ಹಣ.

2017ರಲ್ಲಿ ಅವರು ಇನ್ನೊಂದು ತಿದ್ದುಪಡಿ ಮಾಡಿದರು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ಇದೇ. ಬರೀ ನಷ್ಟದ ಲೆಕ್ಕ ಹಿಡಿದರೆ ಶ್ರೀಮಂತರ ಬಡಾವಣೆಗೆ ಎತ್ತರದ ಏರಿ, ಬಡವರ ಊರಿಗೆ ತಗ್ಗಿನ ಏರಿ ಅಂತಲೇ ಉತ್ತರ ಬರುತ್ತದೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಮನೆ ಬಿದ್ದರೆ ಕಾಗದದ ಮೇಲೆ ಆಗುವ ನಷ್ಟಕ್ಕೆ ಜಗಳೂರಿನ ಒಂದು ತಾಂಡಾ ಪೂರ್ತಿ ಬಿದ್ದರೂ ಸಮನಾಗಲಿಕ್ಕಿಲ್ಲ. ಹಾಗಾಗಿ ಅವರು ಒಂದು ತಳಮಟ್ಟ ಹಾಕಿದರು: ಏರಿಯ ಹಿಂದೆ ಬದುಕುವ ಯಾರೇ ಇರಲಿ, ನೆರೆಯಿಂದ ಸಾಯುವ ಸಾಧ್ಯತೆ ವರ್ಷಕ್ಕೆ ಲಕ್ಷದಲ್ಲಿ ಒಂದನ್ನು ಮೀರಬಾರದು. ಹಣದ ಲೆಕ್ಕ ಆಮೇಲೆ. ಇದು ಗಣಿತ ಹೇಳಿಕೊಡುವ ಮಾತಲ್ಲ. ಯಾವ ಜೀವಕ್ಕೆ ಎಷ್ಟು ಬೆಲೆ ಅನ್ನುವುದನ್ನು ಸಂಸತ್ತು ಕೂತು ತೀರ್ಮಾನಿಸಬೇಕು, ಅವರು ತೀರ್ಮಾನಿಸಿದರು.

ಲೆಕ್ಕ ಮಾಡಿಯೂ ಕೈ ಸುಟ್ಟುಕೊಂಡವರ ಪಟ್ಟಿಯೂ ಉದ್ದವಿದೆ. ಬ್ರಿಟನ್ 2004ರಲ್ಲಿ ನಾಗರಿಕ ತುರ್ತು ಕಾಯ್ದೆ ಮಾಡಿತು, 2008ರಿಂದ ರಾಷ್ಟ್ರೀಯ ಅಪಾಯ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಿದೆ. ಸಾಂಕ್ರಾಮಿಕ ಪಿಡುಗು ಆ ಪಟ್ಟಿಯ ತುದಿಯಲ್ಲೇ ಇತ್ತು. ಆದರೆ ಅವರು ಸಿದ್ಧರಾಗಿದ್ದದ್ದು ಫ್ಲೂಗೆ, ಬಂದದ್ದು ಕೊರೊನಾ. ತಪ್ಪು ಪಿಡುಗಿಗೆ ತಯಾರಾಗಿದ್ದಿರಿ ಅಂತ ಅಲ್ಲಿನ ವಿಚಾರಣಾ ಆಯೋಗ 2024ರ ಜುಲೈನಲ್ಲಿ ಹೇಳಿತು. ಜರ್ಮನಿಯದು ಇನ್ನೂ ವಿಚಿತ್ರ. ಏಷ್ಯಾದಲ್ಲಿ ಹುಟ್ಟಿದ, ಸಾರ್ಸ್ ಬಗೆಯ ಹೊಸ ವೈರಸ್ ಒಂದು ದೇಶದೊಳಗೆ ಬಂದರೆ ಏನಾದೀತು ಅನ್ನುವ ವಿಶ್ಲೇಷಣೆಯನ್ನು ಅಲ್ಲಿನ ಸರ್ಕಾರ 2012ರಲ್ಲೇ ಮಾಡಿಸಿತ್ತು, 2013ರ ಜನವರಿಯಲ್ಲಿ ಅದು ಸಂಸತ್ತಿನ ದಾಖಲೆಯಾಗಿ ಅಚ್ಚಾಯಿತು. 2020ರಲ್ಲಿ ಆಸ್ಪತ್ರೆಗಳಿಗೆ ಮಾಸ್ಕ್ ಸಿಗದೆ ಪರದಾಡುವಾಗ ಪತ್ರಕರ್ತರು ಅದನ್ನು ಹುಡುಕಿ ತೆಗೆದರು. ಊಹೆ ಸರಿಯಾಗಿತ್ತು. ಊಹೆಯಿಂದ ಗೋದಾಮಿಗೆ ಹೋಗುವ ದಾರಿ ಮಾತ್ರ ಯಾರೂ ಹಾಕಿರಲಿಲ್ಲ.

ನಾರ್ವೆಯದು ಕೇಳಿದರೆ ಸಂಕಟವಾಗುತ್ತದೆ. ಆಸ್ಲೋದ ಸರ್ಕಾರಿ ಕಟ್ಟಡಗಳ ಮುಂದಿನ ಗ್ರುಬ್ಬೆಗಾಟಾ ಎಂಬ ರಸ್ತೆಯಲ್ಲಿ ವಾಹನ ಬಾಂಬಿನ ಅಪಾಯವಿದೆ, ಸಂಚಾರ ಮುಚ್ಚಬೇಕು ಅನ್ನುವುದು 2004ರಲ್ಲೇ ಗೊತ್ತಾಗಿತ್ತು. ಕಡತ ಇಲಾಖೆಯಿಂದ ನಗರಸಭೆಗೆ, ನಗರಸಭೆಯಿಂದ ಇಲಾಖೆಗೆ ಓಡಾಡಿತು. 2011ರ ಜುಲೈ 22ರಂದು ಒಬ್ಬ ಭಯೋತ್ಪಾದಕ ಅದೇ ರಸ್ತೆಗೆ ವ್ಯಾನ್ ತಂದು ನಿಲ್ಲಿಸಿದ. ಅಲ್ಲಿ 8 ಜನ, ಅನಂತರ ಉಟಾಯಾ ದ್ವೀಪದಲ್ಲಿ 69 ಜನ ಸತ್ತರು. ಕಡತ ಓಡಾಡುವುದು ನಮ್ಮಲ್ಲಿ ಮಾತ್ರ ಅಂತ ನೀವು ಅಂದುಕೊಂಡಿದ್ದರೆ ಇದನ್ನು ನೆನಪಿಡಿ. ಒಂದು ವ್ಯತ್ಯಾಸ ಇದೆ: 2012ರ ಆಯೋಗದ ವರದಿ ಇದನ್ನೆಲ್ಲ ಸಾರ್ವಜನಿಕವಾಗಿ, ಯಾರು ಯಾವಾಗ ಏನು ಮಾಡಲಿಲ್ಲ ಅಂತ ಎಳೆಎಳೆಯಾಗಿ ಬರೆಯಿತು.

ಯುರೋಪಿನ ಒಕ್ಕೂಟ 2013ರ ತೀರ್ಮಾನವೊಂದರಲ್ಲಿ ಸದಸ್ಯ ದೇಶಗಳೆಲ್ಲ ಮೂರು ವರ್ಷಕ್ಕೊಮ್ಮೆ ತಮ್ಮ ಅಪಾಯ ವಿಶ್ಲೇಷಣೆಯ ಸಾರಾಂಶ ಕೊಡಬೇಕು ಅಂತ ಮಾಡಿತು. ಕೇಳುವವರಿದ್ದರೆ ಬರೆಯುವವರು ಬರೆಯುತ್ತಾರೆ. ವಿಪತ್ತಿನ ಅಪಾಯ ತಗ್ಗಿಸಲು ವಿಶ್ವಸಂಸ್ಥೆಯ ದೇಶಗಳು 2015ರಲ್ಲಿ ಒಪ್ಪಿಕೊಂಡ ಸೆಂಡೈ ಚೌಕಟ್ಟಿನ ಮೊದಲ ಆದ್ಯತೆಯೂ ಅಪಾಯವನ್ನು ಅರಿಯುವುದೇ. ಭಾರತ ಅದಕ್ಕೆ ಒಪ್ಪಿ 2016ರಲ್ಲಿ ರಾಷ್ಟ್ರೀಯ ಯೋಜನೆ ತಂದಿತು, 2019ರಲ್ಲಿ ಪರಿಷ್ಕರಿಸಿತು. ಇಷ್ಟು ಸಾಕು. ಈ ಘೋಷಣೆಗಳ ಬಗ್ಗೆ ಹೆಚ್ಚು ಮಾತಾಡಿದರೆ ನಿಮಗೂ ನಿದ್ದೆ, ನನಗೂ ನಿದ್ದೆ.

ನಮ್ಮ ದೇಶದ ನಕ್ಷೆಗಳು ಹೇಗೆ ಬದಲಾದವು ಅನ್ನುವುದು ಹೆಚ್ಚು ಕುತೂಹಲದ್ದು. ದುರ್ಗದ ಕಡೆ ಭೂಕಂಪದ ಮಾತು ಬಂದರೆ ‘ನಮ್ಮದು ಬಂಡೆ ನೆಲ ಬಿಡಿ ಸಾರ್’ ಅನ್ನುತ್ತಾರೆ. ಲಾತೂರಿನ ಕಿಲ್ಲಾರಿ ಭಾಗ 1993ರಲ್ಲಿ ಅಧಿಕೃತ ಭೂಕಂಪ ನಕ್ಷೆಯ ಒಂದನೇ ವಲಯದಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯ. ಸೆಪ್ಟೆಂಬರ್ 30ರ ನಸುಕಿನಲ್ಲಿ ಕಲ್ಲುಗೋಡೆಗಳ ಮನೆಗಳು ಮಲಗಿದ್ದವರ ಮೇಲೆ ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತರು. 2002ರಲ್ಲಿ ಒಂದನೇ ವಲಯವನ್ನೇ ಕೈಬಿಟ್ಟು ಎರಡರೊಳಗೆ ಸೇರಿಸಿದರು. ನಕ್ಷೆಯಲ್ಲಿ ‘ಕಡಿಮೆ’ ಅಂತಿದ್ದರೆ ಅದು ನಮಗೆ ಗೊತ್ತಿದ್ದಷ್ಟರ ಮಟ್ಟಿಗೆ ಕಡಿಮೆ. ಒಡಿಶಾದಲ್ಲೂ ಸಾವೇ ಪಾಠ ಕಲಿಸಿತು. 1999ರ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನ ಹೋದ ಮೇಲೆ ಆ ರಾಜ್ಯ ಪ್ರಾಧಿಕಾರ ಕಟ್ಟಿತು, ಕರಾವಳಿಯುದ್ದಕ್ಕೂ ಆಸರೆ ಕಟ್ಟಡಗಳನ್ನು ಎಬ್ಬಿಸಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು, ಸಾವು ಐವತ್ತರೊಳಗೆ ನಿಂತಿತು.

ಈಗ ದುಡ್ಡಿನ ಗಂಟಿಗೆ ಬರೋಣ. ಬಹಳ ಕಾಲ ರಾಜ್ಯಗಳಿಗೆ ವಿಪತ್ತಿನ ಹಣ ಹಂಚುತ್ತಿದ್ದದ್ದು ಹಿಂದೆ ಎಷ್ಟು ಖರ್ಚು ಮಾಡಿದ್ದಿರಿ ಅನ್ನುವುದರ ಮೇಲೆ. ಹೆಚ್ಚು ಖರ್ಚು ಮಾಡಿದವರಿಗೆ ಹೆಚ್ಚು, ಅಪಾಯ ಹೆಚ್ಚಿರುವವರಿಗೆ ಅಲ್ಲ. 15ನೇ ಹಣಕಾಸು ಆಯೋಗ ಮೊದಲ ಸಲ ವಿಪತ್ತು ಅಪಾಯ ಸೂಚ್ಯಂಕವನ್ನು ಲೆಕ್ಕದೊಳಗೆ ತಂದಿತು. ಒಟ್ಟು ನೂರು ಅಂಕ. ನೆರೆ, ಬರ, ಚಂಡಮಾರುತ, ಭೂಕಂಪ ತಲಾ 15, ಉಳಿದ ವಿಪತ್ತುಗಳಿಗೆ 10, ಬಡತನಕ್ಕೆ 30. ಹಳೆಯ ಖರ್ಚು, ವಿಸ್ತೀರ್ಣ, ಜನಸಂಖ್ಯೆಯ ಜೊತೆ ಇದೂ ಸೇರಿತು. ನಿಧಿಯಲ್ಲಿ ಶೇ 20ರಷ್ಟನ್ನು ವಿಪತ್ತು ಬಂದ ಮೇಲಿನ ಪರಿಹಾರಕ್ಕಲ್ಲದೆ, ಬರುವ ಮೊದಲೇ ಅಪಾಯ ತಗ್ಗಿಸುವ ಕೆಲಸಕ್ಕೆ ತೆಗೆದಿಡಬೇಕು ಅಂತಲೂ ಆಯೋಗ ಹೇಳಿತು. ಒಳ್ಳೆಯ ಹೆಜ್ಜೆ. ಆದರೆ ಅಂಕ ರಾಜ್ಯಕ್ಕೆ ಒಂದೇ. ಆಗುಂಬೆಗೂ ಚಳ್ಳಕೆರೆಗೂ ಸೇರಿ ಒಂದು ಅಂಕಿ ಅಂದರೆ ನಗಬೇಕೋ ಅಳಬೇಕೋ. ಬೆಂಗಳೂರಿನಿಂದ ಕೆಳಗೆ, ಜಿಲ್ಲೆಗೆ ಮತ್ತು ತಾಲೂಕಿಗೆ ಬರುವಾಗ ಆ ಸೂಚ್ಯಂಕದ ಸುಳಿವೇ ಸಿಗುವುದಿಲ್ಲ.

ಹಾಗಾದರೆ ನಮ್ಮ ಕಡೆ ಅಪಾಯದ ಲೆಕ್ಕ ನಿಜವಾಗಿ ನೆಲಕ್ಕಿಳಿದಿರುವುದು ಎಲ್ಲಿ? ನನ್ನ ಪ್ರಕಾರ ಬರದಲ್ಲಿ, ಅದೊಂದರಲ್ಲೇ. ಕರ್ನಾಟಕ 1988ರಲ್ಲೇ ಬರ ನಿಗಾ ಘಟಕ ಮಾಡಿತು. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಯಲಹಂಕದಲ್ಲಿದೆ. ನಿಮ್ಮ ಪಂಚಾಯಿತಿ ಕಚೇರಿಯ ಆವರಣದಲ್ಲೋ ಮಾಳಿಗೆಯ ಮೇಲೋ ಒಂದು ಮಳೆಮಾಪಕ ನೋಡಿರುತ್ತೀರಿ, ಪಕ್ಕದಲ್ಲಿ ಪುಟ್ಟ ಸೋಲಾರ್ ಫಲಕ. ಆಲಿಕೆಯ ಕೆಳಗೆ ಎರಡು ಸಣ್ಣ ಬಟ್ಟಲು. ಒಂದು ತುಂಬಿ ವಾಲಿದರೆ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ವಾಲಿಕೆಯೂ ಒಂದು ಎಣಿಕೆ. 15 ನಿಮಿಷಕ್ಕೊಮ್ಮೆ ಲೆಕ್ಕ ಯಲಹಂಕಕ್ಕೆ ಹೋಗುತ್ತದೆ. ಆಲಿಕೆಯಲ್ಲಿ ಹಕ್ಕಿ ಗೂಡು ಕಟ್ಟಿದರೆ ಊರಿಗೆಲ್ಲ ಮಳೆ ಬಂದರೂ ದಾಖಲೆಯಲ್ಲಿ ಒಣಗಾಲ. ಮರದ ಕೆಳಗೆ ಇಟ್ಟಿದ್ದರೆ ಮಳೆ ನಿಂತ ಮೇಲೂ ಹನಿ ಬೀಳುತ್ತಿರುತ್ತದೆ. ಸದಸ್ಯರು ವಾರಕ್ಕೊಮ್ಮೆ ತಲೆ ಎತ್ತಿ ಅದನ್ನು ನೋಡಿದರೆ ನಷ್ಟವಿಲ್ಲ.

ಇಂಥ ಎಣಿಕೆಯ ಮೇಲೆ ನಿಂತಿದೆ ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ. ಮೊದಲು ಮಳೆ ಕೊರತೆ ಎಷ್ಟು, ಬಿತ್ತನೆಯ ನಡುವೆ ಸತತ ಒಣ ವಾರಗಳು ಬಂದವೇ ಅಂತ ನೋಡಬೇಕು. ಅದು ಹೌದಾದರೆ ನಾಲ್ಕು ಪರಿಣಾಮ ಸೂಚಿಗಳು: ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ. ನಾಲ್ಕರಲ್ಲಿ ಮೂರು ತೀವ್ರ ಅಂತ ಬಂದರೆ ತೀವ್ರ ಬರ. ಆಮೇಲೆ ಹತ್ತು ಹಳ್ಳಿಗೆ ಒಂದರಂತೆ ಆರಿಸಿ ಹೊಲಕ್ಕೇ ಹೋಗಿ ಬೆಳೆ ಪರೀಕ್ಷೆ. ರಾಷ್ಟ್ರೀಯ ನಿಧಿಯ ಬಾಗಿಲು ತೆರೆಯುವುದು ತೀವ್ರ ಬರಕ್ಕೆ. ಸಾಧಾರಣ ಬರಕ್ಕೆ ರಾಜ್ಯವೇ ನೋಡಿಕೊಳ್ಳಬೇಕು. ಒಂದೇ ಒಂದು ಸೂಚಿ ಆಚೀಚೆಯಾದರೆ ಇಡೀ ತಾಲೂಕಿನ ಹಣೆಬರಹ ಬದಲು.

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆಗ ಮುಖ್ಯಮಂತ್ರಿ, ಕಂದಾಯ ಸಚಿವರ ಬಾಯಲ್ಲಿ ‘ಹಸಿರು ಬರ’ ಅನ್ನುವ ಮಾತು ಕೇಳಿದ್ದೀರಿ. ಪರಶುರಾಂಪುರ, ನಾಯಕನಹಟ್ಟಿ ಕಡೆಯ ಶೇಂಗಾ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಹೂ ಬಿಟ್ಟು, ಹೂವಿನ ಕುಡಿ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಕೈ ಕೊಡುತ್ತದೆ. ಆಮೇಲೆ ಎರಡು ಹದ ಮಳೆ ಬಂದರೆ ಬಳ್ಳಿ ಮತ್ತೆ ಚಿಗುರುತ್ತದೆ. ಮೇಲಿನಿಂದ ನೋಡಿದರೆ ಹೊಲ ಹಚ್ಚ ಹಸಿರು. ಗಿಡ ಕಿತ್ತು ಕೊಡವಿದರೆ ಬೇರಿನಲ್ಲಿ ನಾಲ್ಕು ಜೊಳ್ಳು ಕಾಯಿ. ಉಪಗ್ರಹಕ್ಕೆ ಎಲೆ ಕಾಣುತ್ತದೆ, ಮಣ್ಣೊಳಗಿನ ಕಾಯಿ ಕಾಣುವುದಿಲ್ಲ. ಅದಕ್ಕೇ ಹೊಲ ಪರೀಕ್ಷೆ ಇಟ್ಟಿರುವುದು. ಆ ತಂಡ ರಸ್ತೆ ಬದಿಯ ನೀರಾವರಿ ಹೊಲಕ್ಕೆ ಹೋಯಿತೋ, ಒಳಗಿನ ಖುಷ್ಕಿ ಹೊಲಕ್ಕೆ ಹೋಯಿತೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಯಾರದು ಸರಿ ಅನ್ನುವ ರಾಜಕೀಯ ನನಗೆ ಬೇಡ. ನಾನು ಗಮನಿಸುವುದು ಬೇರೆ: ಎರಡೂ ಕಡೆಯವರು ಅಂಕಿ ಹಿಡಿದೇ ಕಾದಾಡಿದರು. ಚಳ್ಳಕೆರೆಯ ಟೀ ಅಂಗಡಿಯಲ್ಲಿ ಒಣ ವಾರ ಎಷ್ಟಾಯಿತು ಅಂತ ರೈತರು ಬೆರಳು ಮಡಚಿ ಎಣಿಸುತ್ತಾರೆ. ಕೈಪಿಡಿಯಲ್ಲಿ ಲೋಪ ಬೇಕಾದಷ್ಟಿವೆ, ಆದರೂ ಜನ ಜಗಳವಾಡುವಷ್ಟು ಅದು ಬದುಕಿದೆ. ಜಿಲ್ಲಾ ಯೋಜನೆಯ ಉಳಿದ ಸಾಲುಗಳ ಬಗ್ಗೆ ಯಾರೂ ಜಗಳವಾಡುವುದಿಲ್ಲ.

ಬರದ ಕಡೆಗೇ ಕಣ್ಣು ನೆಟ್ಟರೆ ಬೇರೆಯದು ಕಾಣುವುದಿಲ್ಲ. ಮಾರಿಕಣಿವೆಯನ್ನೇ ನೋಡಿ. 1907ರಲ್ಲಿ ಅಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ತುಂಬಿತು, ಆಮೇಲೆ 89 ವರ್ಷ ತುಂಬಲಿಲ್ಲ. ಅದು ಕೋಡಿ ಬೀಳುವುದಿಲ್ಲ ಅನ್ನುವುದು ಮೂರು ತಲೆಮಾರಿಗೆ ಸೂರ್ಯ ಚಂದ್ರರಷ್ಟೇ ಖಚಿತ. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ನೋಡಲು ಜಾತ್ರೆಯಂತೆ ಜನ ಸೇರಿದರು, ಅತ್ತ ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ತೋಟ ಮುಳುಗಿದವರು ಕೋಡಿಯ ಎತ್ತರ ತಗ್ಗಿಸಿ ಅಂತ ಕೂಗಿದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಅಷ್ಟರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಿಂದ ಅದಕ್ಕೆ ನೀರು ಹರಿಯತೊಡಗಿತ್ತಲ್ಲ, 89 ವರ್ಷದ ಹಳೆಯ ಲೆಕ್ಕಕ್ಕೆ ಅರ್ಥವೇ ಉಳಿದಿರಲಿಲ್ಲ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಅಂದರೆ ಒಮ್ಮೆ ಬಂದ ಮೇಲೆ ನೂರು ವರ್ಷ ನೆಮ್ಮದಿ ಅಂತಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಮನೆ ಸಾಲ ತೀರುವ 30 ವರ್ಷದಲ್ಲಿ ಅದನ್ನು ಕಾಣುವ ಸಾಧ್ಯತೆ ಶೇ 26. ತಗ್ಗಿನಲ್ಲಿ ಸೈಟು ಕೊಳ್ಳುವವರಿಗೆ ಇದನ್ನು ಯಾರು ಹೇಳುತ್ತಾರೆ?

ಇನ್ನೊಂದನ್ನು ಹೇಳಲೇಬೇಕು. 2023ರ ಆಗಸ್ಟ್ ಶುರುವಿನಲ್ಲಿ, ಇದೇ ನಗರಕ್ಕೆ ಹೊಂದಿಕೊಂಡ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ ಭೇದಿಯಿಂದ ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಬರಕ್ಕೆ ಉಪಗ್ರಹ ಇದೆ, ಕೊಳಾಯಿಗೆ? ಅಪಾಯದ ಕೋಷ್ಟಕದಲ್ಲಿ ದೊಡ್ಡ ಹೆಸರಿನ ವಿಪತ್ತುಗಳು ಮೇಲೆ ಕೂರುತ್ತವೆ. ಹಟ್ಟಿಯ ಪೈಪು, ಹೆದ್ದಾರಿ 48ರ ತಿರುವು, ಫ್ಲೋರೈಡ್ ಇರುವ ಕೊಳವೆಬಾವಿ ಎಲ್ಲೋ ಅಡಿಟಿಪ್ಪಣಿ. ಇವಕ್ಕೆ ವರ್ಷವರ್ಷ ಬಲಿಯಾಗುವವರನ್ನು ಕೂಡಿದರೆ ಪಟ್ಟಿಯ ಕ್ರಮವೇ ಬದಲಾಗಬೇಕು ಅನ್ನುವುದು ನನ್ನ ಬಲವಾದ ಅನುಮಾನ.

ಹೊಸ ಬೆಳವಣಿಗೆ ಒಂದಿದೆ. 2025ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಗೆ ತಿದ್ದುಪಡಿ ಬಂತು. ರಾಷ್ಟ್ರ ಮತ್ತು ರಾಜ್ಯ ಮಟ್ಟದಲ್ಲಿ ದತ್ತಾಂಶ ಕೋಶ ಮಾಡಬೇಕು, ಅದರಲ್ಲಿ ಅಪಾಯದ ಬಗೆ ಮತ್ತು ತೀವ್ರತೆಗೆ ತಕ್ಕ ಅಪಾಯ ನೋಂದಣಿ ಪುಸ್ತಕ ಇರಬೇಕು, ಹಣ ಎಷ್ಟು ಕೊಟ್ಟಿದ್ದು ಎಷ್ಟು ಖರ್ಚಾದದ್ದು ಅನ್ನುವುದೂ ಇರಬೇಕು ಅಂತ ಅದು ಹೇಳುತ್ತದೆ. ಅಪಾಯ ಮತ್ತು ಖರ್ಚು ಒಂದೇ ಕಡತದಲ್ಲಿ ಅಕ್ಕಪಕ್ಕ ಕೂರುವುದು ಸಣ್ಣ ಮಾತಲ್ಲ. ಆ ಕೋಶ ಸಾರ್ವಜನಿಕರಿಗೆ ತೆರೆದಿರುತ್ತದೋ ಇಲ್ಲವೋ ಅನ್ನುವುದರ ಮೇಲೆ ಕಣ್ಣಿಡಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಹೊಳಲ್ಕೆರೆ ಕಡೆಯ ಸದಸ್ಯೆಯೊಬ್ಬರು ಎದ್ದು, ‘ನಮ್ಮೂರ ಕೆರೆ ಏರಿ ಮೇಲೆ ಜಾಲಿ ಬೆಳೆದು ಬೇರು ಒಳಗೆ ಹೋಗಿದೆ, ತೂಬಿನ ಹತ್ತಿರ ನೀರು ಜಿನುಗುತ್ತೆ. ಯಾರನ್ನು ಕೇಳಿದರೂ ನಮ್ಮದಲ್ಲ ಅಂತಾರೆ. ಇದು ಯಾರ ಅಪಾಯ?’ ಅಂದರು. ಉತ್ತರ ಅಚ್ಚುಕಟ್ಟಿನಲ್ಲಿದೆ ತಾಯಿ, ಅಂದರೆ ಆ ಕೆರೆ ನೀರುಣಿಸುವ ಜಮೀನಿನ ವಿಸ್ತೀರ್ಣದಲ್ಲಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಕೆರೆ ಜಿಲ್ಲಾ ಪಂಚಾಯಿತಿಯದು. 40ರಿಂದ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಯದು. ಮೊದಲು ಆ ಅಂಕಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿ, ಜಿನುಗುವ ಜಾಗದ ಫೋಟೊ ಮತ್ತು ಏರಿಯ ಕೆಳಗಿರುವ ಮನೆಗಳ ಲೆಕ್ಕ ಲಗತ್ತಿಸಿ, ಆ ಇಲಾಖೆಯ ಎಂಜಿನಿಯರ್‌ಗೆ ಒಂದು ಪ್ರತಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅಂತ ವಿಳಾಸ ಬರೆದು ಜಿಲ್ಲಾಧಿಕಾರಿಗೆ ಇನ್ನೊಂದು ಪ್ರತಿ ಕೊಡಿ. ಈ ವರ್ಷದ ಪರಿಷ್ಕರಣೆಯಲ್ಲಿ ನಮ್ಮ ಕೆರೆಯ ಹೆಸರು ಸೇರಿಸಿ, ಹೊಣೆಯ ಅಂಕಣದಲ್ಲಿ ಇಂಥ ಹುದ್ದೆಯವರು ಅಂತ ಬರೆಯಿರಿ ಅಂತ ಕೇಳಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅವರು ಕೂತ ಮೇಲೆ ಪಕ್ಕದವರ ಹತ್ತಿರ ಪೆನ್ನು ಇಸಿದುಕೊಂಡು 40 ಅಂತ ಬರೆದುಕೊಂಡರು.